ಪಕ್ಕೆಲುಬು ಮುರಿದ್ರೆ ಆಪರೇಷನ್ ಬೇಕಾ ಬೇಡ್ವಾ? ಡಾಕ್ಟ್ರ ಹತ್ರ ಏನು ಕೇಳ್ಬೇಕು, ಮನೇಲಿ ಹೇಗೆ ನೋಡ್ಕೋಬೇಕು

ನಮ್ಮಪ್ಪಂಗೆ 71 ವರ್ಷ ಇದ್ದಾಗ ಮೆಟ್ಟಿಲಿಂದ ಜಾರಿ ಬಿದ್ದು ಎಡಗಡೆ 4 ಪಕ್ಕೆಲುಬು ಮುರ್ಕೊಂಡ್ರು. ಡಾಕ್ಟ್ರು ಸ್ಕ್ಯಾನ್ ನೋಡಿ ಆಪರೇಷನ್ ಬೇಡ, ಪಟ್ಟಿನೂ ಬೇಡ, ನೋವಿನ ಮಾತ್ರೆ ತಗೊಂಡು ಚೆನ್ನಾಗಿ ಉಸಿರಾಡ್ತಾ ಇರಲಿ ಅಂದ್ರು. ಪಕ್ಕದ ಬೆಡ್ಡಲ್ಲಿ ಬೈಕ್ ಆಕ್ಸಿಡೆಂಟ್ ಆಗಿದ್ದ ಒಬ್ಬ ಹುಡುಗ ಇದ್ದ, ಅವನಿಗೆ ಮಾತ್ರ ಎರಡನೇ ದಿನಾನೇ ಆಪರೇಷನ್ ಮಾಡಿ ಪಕ್ಕೆಲುಬಿಗೆ ಪ್ಲೇಟ್ ಹಾಕಿದ್ರು. ಅವನಿಗೆ ಮಾಡಿದ್ರು ಇವ್ರಿಗೆ ಯಾಕೆ ಮಾಡ್ಲಿಲ್ಲ, ವಯಸ್ಸಾಗಿದೆ ಅಂತ ಕೈಬಿಟ್ರಾ ಅಂತ ಮನೆಯವ್ರೆಲ್ಲಾ ತಲೆ ಕೆಡಿಸ್ಕೊಂಡ್ವಿ. ಆಮೇಲೆ ಓದಿ, ಡಾಕ್ಟ್ರನ್ನ ಫಿಸಿಯೋನ ಕೇಳಿ ಕೇಳಿ, ಕಣ್ಣಾರೆ ನೋಡಿ ಅರ್ಥ ಆಗಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟ್ರಲ್ಲ, ರೋಗಿಯನ್ನ ಮುಟ್ಟಿ ನೋಡಿರೋ ಡಾಕ್ಟ್ರ ಮಾತೇ ಕೊನೆ ಮಾತು, ಆದ್ರೆ ಅವ್ರ ಮುಂದೆ ಕೂತಾಗ ಏನು ಕೇಳ್ಬೇಕು ಅಂತಾದ್ರೂ ನಿಮಗೆ ಗೊತ್ತಿರಲಿ.

ಎಲ್ಲಕ್ಕಿಂತ ಮೊದ್ಲು ಒಂದು ವಿಷಯ. ಕೈಕಾಲು ಮುರಿದಾಗ ನಾವು ಯೋಚನೆ ಮಾಡೋದು ಮೂಳೆ ಸರಿಯಾಗಿ ಕೂಡುತ್ತಾ ಅಂತ. ಪಕ್ಕೆಲುಬಿನ ವಿಷಯದಲ್ಲಿ ಮೂಳೆ ಬಹುತೇಕ ತಾನಾಗೇ ಕೂಡ್ಕೊಳ್ಳುತ್ತೆ, ಸುಮಾರು 6 ವಾರ ಸಾಕು, ಸ್ವಲ್ಪ ಸೊಟ್ಟಗೆ ಕೂಡಿದ್ರೂ ಹೆಚ್ಚಿನವ್ರಿಗೆ ತೊಂದ್ರೆ ಇಲ್ಲ. ಭಯ ಪಡ್ಬೇಕಾಗಿರೋದು ಆ 6 ವಾರದಲ್ಲಿ, ಅದ್ರಲ್ಲೂ ಮೊದಲ ವಾರದಲ್ಲಿ ಶ್ವಾಸಕೋಶಕ್ಕೆ ಏನಾಗುತ್ತೆ ಅನ್ನೋದಕ್ಕೆ. ನಾವು ದಿನಕ್ಕೆ 20 ಸಾವಿರದ ಆಸುಪಾಸು ಸಲ ಉಸಿರಾಡ್ತೀವಿ, ಪ್ರತಿ ಸಲಾನೂ ಮುರಿದ ಜಾಗ ಅಲ್ಲಾಡುತ್ತೆ, ಪ್ರತಿ ಸಲಾನೂ ಚುಚ್ಚುತ್ತೆ. ಅದಕ್ಕೆ ರೋಗಿ ಮೇಲುಸಿರಲ್ಲೇ ದಿನ ಕಳೀತಾರೆ, ಕೆಮ್ಮು ಬಂದ್ರೂ ನೋವಿಗೆ ಹೆದರಿ ತಡ್ಕೋತಾರೆ. ಶ್ವಾಸಕೋಶದ ತಳಭಾಗ ಬಿಚ್ಕೊಳ್ಳಲ್ಲ, ಅಲ್ಲಿ ಕಫ ಕಟ್ಕೊಳ್ಳುತ್ತೆ, ಕಫ ಕಟ್ಟಿದ ಜಾಗದಲ್ಲಿ ಇನ್ಫೆಕ್ಷನ್ ಆಗಿ ನ್ಯುಮೋನಿಯಾಗೆ ತಿರುಗುತ್ತೆ. ಆಪರೇಷನ್ ಮಾಡೋದೂ ಮಾಡ್ದೇ ಇರೋದೂ ಎರಡೂ ಈ ಸರಪಳಿ ಕಡಿಯೋದಕ್ಕೇನೇ. ಇದು ಅರ್ಥ ಆದ್ರೆ ಮುಂದಿನದೆಲ್ಲಾ ಸುಲಭ.

ಪೆಟ್ಟು ಬಿದ್ದ ತಕ್ಷಣ ಮನೇಲೇ ಕೂತ್ಕೊಂಡು ನೋಡೋಣ ಅನ್ನಬೇಡಿ. ಉಸಿರು ಕಟ್ಟಿದ ಹಾಗಾದ್ರೆ, ತುಟಿ ನೀಲಿ ಆದ್ರೆ, ಕೆಮ್ಮಿದಾಗ ರಕ್ತ ಬಂದ್ರೆ, ತಲೆ ಸುತ್ತಿ ಮೈ ತಣ್ಣಗಾದ್ರೆ, ಹೊಟ್ಟೆ ಅಥವಾ ಭುಜದಲ್ಲಿ ನೋವು ಶುರುವಾದ್ರೆ ನೇರ ಎಮರ್ಜೆನ್ಸಿಗೆ ಹೋಗಿ. ಕೆಳಗಿನ ಪಕ್ಕೆಲುಬುಗಳ ಹಿಂದೆ ಎಡಗಡೆ ಗುಲ್ಮ, ಬಲಗಡೆ ಲಿವರ್, ಬೆನ್ನ ಕಡೆ ಕಿಡ್ನಿ ಇರುತ್ತೆ, ಮೂಳೆ ಮುರಿಯೋ ಅಷ್ಟು ಪೆಟ್ಟು ಅವಕ್ಕೂ ಬಿದ್ದಿರಬಹುದು. ಕುತ್ತಿಗೆ ಹತ್ರದ ಮೊದಲನೇ ಎರಡನೇ ಪಕ್ಕೆಲುಬು ಮುರಿದಿದ್ರೆ ಪೆಟ್ಟು ತುಂಬಾ ಜೋರಾಗಿದೆ ಅಂತ ಅರ್ಥ, ಅಲ್ಲಿ ದೊಡ್ಡ ರಕ್ತನಾಳಗಳು ಇರೋದ್ರಿಂದ ಡಾಕ್ಟ್ರು ಹೆಚ್ಚು ಹುಡುಕಿ ನೋಡ್ತಾರೆ. ರಕ್ತ ತೆಳು ಮಾಡೋ ಮಾತ್ರೆ ತಗೋತಿರೋರು ಸಣ್ಣ ಪೆಟ್ಟಾದ್ರೂ ಹೋಗಲೇಬೇಕು, ಮತ್ತೆ ಆ ಮಾತ್ರೆ ವಿಷಯ ಕೇಳೋಕ್ ಮುಂಚೆನೇ ಹೇಳ್ಬೇಕು.

ಎಕ್ಸ್‌ರೇಲಿ ಏನೂ ಕಾಣಿಸ್ಲಿಲ್ಲ ಅಂದ್ರೆ ಮುರಿದಿಲ್ಲ ಅಂತ ಅಂದ್ಕೋಬೇಡಿ. ಪಕ್ಕೆಲುಬಿನ ಮುರಿತದಲ್ಲಿ ಅರ್ಧದಷ್ಟು ಸಾಮಾನ್ಯ ಎಕ್ಸ್‌ರೇಲಿ ತಪ್ಪಿ ಹೋಗ್ತವೆ. ಆದ್ರೂ ಎಕ್ಸ್‌ರೇ ಬೇಕು, ಶ್ವಾಸಕೋಶದ ಸುತ್ತ ಗಾಳಿ ಅಥವಾ ರಕ್ತ ಸೇರಿದ್ಯಾ ಅಂತ ನೋಡೋಕೆ. ಜೋರು ಪೆಟ್ಟಾಗಿದ್ರೆ, ವಯಸ್ಸಾದೋರಾಗಿದ್ರೆ, ಆಪರೇಷನ್ ಯೋಚನೆ ಇದ್ರೆ ಸಿಟಿ ಸ್ಕ್ಯಾನ್ ಮಾಡ್ತಾರೆ. ರಿಪೋರ್ಟ್ ಬಂದಾಗ ಎಷ್ಟು ಮುರಿದಿದೆ ಅಂತ ಮಾತ್ರ ಕೇಳಿ ಎದ್ದು ಬರಬೇಡಿ (ನಾವು ಅದನ್ನೇ ಮಾಡಿದ್ವಿ). ಮುರಿದ ತುದಿಗಳು ಎದುರುಬದುರು ಇದ್ಯಾ ಇಲ್ಲಾ ಪೂರ್ತಿ ಜಾರಿ ಹೋಗಿದ್ಯಾ, ಒಂದೇ ಪಕ್ಕೆಲುಬು ಎರಡು ಕಡೆ ಮುರಿದಿದ್ಯಾ, ಶ್ವಾಸಕೋಶ ಜಜ್ಜಿ ಹೋಗಿದ್ಯಾ, ಗಾಳಿ ರಕ್ತ ಏನಾದ್ರೂ ಸೇರಿದ್ಯಾ, ಇದನ್ನೆಲ್ಲಾ ಕೇಳಿ ತಿಳ್ಕೊಳ್ಳಿ. ಗಾಳಿ ರಕ್ತ ಸೇರಿದ್ರೆ ಪಕ್ಕೇಲಿ ಟ್ಯೂಬ್ ಹಾಕಿ ತೆಗೀತಾರೆ. ಟ್ಯೂಬ್ ಹಾಕಿದ ಮಾತ್ರಕ್ಕೆ ಪ್ಲೇಟ್ ಹಾಕೋ ಆಪರೇಷನ್ ಬೇಕು ಅಂತೇನಿಲ್ಲ, ಅವೆರಡೂ ಬೇರೆ ಬೇರೆ.

ಈಗ ಆಪರೇಷನ್ ಯಾರಿಗೆ ಅನ್ನೋದು. ಇದ್ರಲ್ಲಿ ಡಾಕ್ಟ್ರುಗಳ ನಡುವೆ ಒಮ್ಮತ ಹೆಚ್ಚಿರೋದು ಫ್ಲೇಲ್ ಚೆಸ್ಟ್ ಅನ್ನೋ ಸ್ಥಿತಿಯಲ್ಲಿ. ಪಕ್ಕಪಕ್ಕದ 3 ಅಥವಾ ಅದಕ್ಕಿಂತ ಜಾಸ್ತಿ ಪಕ್ಕೆಲುಬು ತಲಾ ಎರಡೆರಡು ಕಡೆ ಮುರಿದ್ರೆ ಎದೆಗೂಡಿನ ಒಂದು ತುಂಡು ಉಳಿದ ಗೂಡಿಂದ ಬಿಡಿಸ್ಕೊಂಡು ತೇಲಾಡೋ ಹಾಗೆ ಆಗುತ್ತೆ. ಉಸಿರು ಎಳ್ಕೊಂಡಾಗ ಎದೆಯೆಲ್ಲಾ ಉಬ್ಬಿದ್ರೆ ಆ ತುಂಡು ಮಾತ್ರ ಒಳಗೆ ಕುಸಿಯುತ್ತೆ, ಉಸಿರು ಬಿಟ್ಟಾಗ ಹೊರಗೆ ಬರುತ್ತೆ. ಪಕ್ಕದ ಬೆಡ್ಡಿನ ಹುಡುಗನ ಎದೆ ಹಾಗೇ ಆಗ್ತಿತ್ತು, ಒಂದ್ಸಲ ನೋಡಿದ್ರೆ ಮರೆಯೋಕಾಗಲ್ಲ. ಅಂಥೋರಿಗೆ ಎಷ್ಟೇ ನೋವಿನ ಔಷಧಿ ಕೊಟ್ರೂ ಗೂಡೇ ಗಟ್ಟಿ ಇಲ್ಲದ ಮೇಲೆ ಉಸಿರಾಟಕ್ಕೆ ಆಧಾರ ಎಲ್ಲಿಂದ ಬರಬೇಕು. ಫ್ಲೇಲ್ ಇಲ್ದಿದ್ರೂ 3 ಅಥವಾ ಜಾಸ್ತಿ ಪಕ್ಕೆಲುಬಿನ ತುದಿಗಳು ಪೂರ್ತಿ ಜಾರಿ ಹೋಗಿದ್ರೆ, ಎದೆಗೂಡು ಒಂದು ಕಡೆ ತಗ್ಗಾಗಿ ಕುಸಿದಿದ್ರೆ, ವೆಂಟಿಲೇಟರಿಂದ ಬಿಡಿಸೋಕೇ ಆಗ್ತಿಲ್ಲ ಅಂದ್ರೆ, ನೋವಿಗೆ ಕೊಡೋದೆಲ್ಲಾ ಕೊಟ್ಟ ಮೇಲೂ ಉಸಿರಾಟ ದಿನ ದಿನಕ್ಕೂ ಇಳೀತಾ ಹೋದ್ರೆ, ಬೇರೆ ಕಾರಣಕ್ಕೆ ಎದೆ ತೆರೀಲೇಬೇಕಾಗಿ ಬಂದಿದ್ರೆ ಆಗಲೂ ಪ್ಲೇಟ್ ಹಾಕೋ ಯೋಚನೆ ಮಾಡ್ತಾರೆ. ಒಂದೋ ಎರಡೋ ಮುರಿದು ಜಾಗದಲ್ಲೇ ಇದ್ರೆ, ಉಸಿರು ಕೆಮ್ಮು ಚೆನ್ನಾಗಿದ್ರೆ, ಆಪರೇಷನ್ನಿಂದ ಸಿಗೋ ಲಾಭಕ್ಕಿಂತ ಅದ್ರ ತೊಂದ್ರೆನೇ ಜಾಸ್ತಿ. ನಮ್ಮಪ್ಪಂದು 4 ಮುರಿದಿದ್ರೂ ಒಂದೂ ಜಾರಿರ್ಲಿಲ್ಲ, ಎಲ್ಲಾ ಒಂದೊಂದೇ ಕಡೆ ಮುರಿದಿತ್ತು. ಕೈಬಿಟ್ಟಿರ್ಲಿಲ್ಲ, ಸರಿಯಾಗೇ ಹೇಳಿದ್ರು.

ಹಳೇ ಕಾಲದಲ್ಲಿ ಇದಕ್ಕೆ ಏನೇನೋ ಮಾಡ್ತಿದ್ರು, ಪಕ್ಕೆಲುಬಿಗೆ ಕೊಕ್ಕೆ ಹಾಕಿ ಹೊರಗೆ ಎಳೆದು ತೂಕ ಕಟ್ಟೋದೂ ಇತ್ತು. 1956ರ ಹೊತ್ತಿಗೆ ವೆಂಟಿಲೇಟರ್ ಗಾಳಿ ಒತ್ತಡದಿಂದಾನೇ ಎದೆಗೂಡನ್ನ ಒಳಗಿಂದ ಎತ್ತಿ ಹಿಡಿಯೋದು ಅನ್ನೋ ಪದ್ಧತಿ ಬಂತು, ಆಮೇಲೆ ವರ್ಷಗಟ್ಟಲೆ ಫ್ಲೇಲ್ ಅಂದ್ರೆ ವೆಂಟಿಲೇಟರ್ ಅಂತಾನೇ ಆಗಿತ್ತು. 1975ರಲ್ಲಿ ಎಲ್ಲರಿಗೂ ವೆಂಟಿಲೇಟರ್ ಬೇಕಿಲ್ಲ, ನೋವು ತಡೆದು ಶ್ವಾಸಕೋಶ ನೋಡ್ಕೊಂಡ್ರೆ ಎಷ್ಟೋ ಜನ ಅದಿಲ್ದೆನೇ ಚೇತರಿಸ್ಕೋತಾರೆ ಅಂತ ತೋರಿಸಿದ್ರು. ಆಪರೇಷನ್ ಮಾಡಿ ಪಕ್ಕೆಲುಬು ಜೋಡ್ಸೋದ್ರ ಬಗ್ಗೆ ಜಪಾನಲ್ಲಿ 2002ರಲ್ಲಿ, ಈಜಿಪ್ಟಲ್ಲಿ 2005ರಲ್ಲಿ, ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಪ್ರಕಟ ಆದ ಮೂರು ಸಣ್ಣ ಪ್ರಯೋಗಗಳನ್ನ ಒಟ್ಟು ಸೇರಿಸಿ 2015ರಲ್ಲಿ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಸೇರಿಸಿ ತೂಗಿ ನೋಡೋ ಸಂಸ್ಥೆ) ವಿಮರ್ಶೆ ಮಾಡಿದ್ರು, ಒಟ್ಟು ಫ್ಲೇಲ್ ಚೆಸ್ಟಿನ 123 ಜನ. ಆಪರೇಷನ್ ಆದೋರಿಗೆ ನ್ಯುಮೋನಿಯಾ ಕಮ್ಮಿ, ಐಸಿಯು ದಿನಗಳು ಕಮ್ಮಿ, ಕುತ್ತಿಗೇಲಿ ತೂತು ಮಾಡಿ ಉಸಿರಾಟದ ಟ್ಯೂಬ್ ಹಾಕೋದೂ ಕಮ್ಮಿ, ಆದ್ರೆ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣ್ಲಿಲ್ಲ. 2022ರಲ್ಲಿ ಪ್ರಕಟ ಆದ, ಕೆನಡಾ ಅಮೆರಿಕಾ ಸೇರಿ 207 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ವೆಂಟಿಲೇಟರ್ ಇಲ್ಲದ ದಿನಗಳು ಎಲ್ಲರನ್ನೂ ಸೇರಿಸಿ ನೋಡಿದ್ರೆ ಹೇಳ್ಕೊಳ್ಳೋ ಅಷ್ಟು ಜಾಸ್ತಿ ಆಗ್ಲಿಲ್ಲ, ಮೊದ್ಲೇ ವೆಂಟಿಲೇಟರ್ ಮೇಲೆ ಇದ್ದೋರಿಗೆ ಮಾತ್ರ ಲಾಭ ಕಾಣ್ತು. ಫ್ಲೇಲ್ ಇಲ್ದೆ ತುದಿ ಜಾರಿರೋರ ಬಗ್ಗೆ ಅಮೆರಿಕಾದಲ್ಲಿ 2020ರಲ್ಲಿ 110 ಜನರ ಮೇಲೆ ಬಂದ ಅಧ್ಯಯನದಲ್ಲಿ ಎರಡು ವಾರದ ಹೊತ್ತಿಗೆ ಆಪರೇಷನ್ ಆದೋರಿಗೆ ನೋವು ಕಮ್ಮಿ ಇತ್ತು, ಆದ್ರೆ ಅದ್ರಲ್ಲಿ ಹೆಚ್ಚಿನವ್ರು ಯಾವ ಚಿಕಿತ್ಸೆ ಅಂತ ತಾವೇ ಆರಿಸ್ಕೊಂಡಿದ್ರು ಅನ್ನೋದನ್ನ ನೆನಪಲ್ಲಿ ಇಟ್ಕೋಬೇಕು. ಇದನ್ನೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಯಾರಾದ್ರೂ ಆಪರೇಷನ್ ಮಾಡಿಸಿದ್ರೆ ಸಾಕು ಎಲ್ಲಾ ಸರಿಹೋಗುತ್ತೆ ಅಂದ್ರೂ, ಪಕ್ಕೆಲುಬಿಗೆ ಆಪರೇಷನ್ನೇ ಇಲ್ಲ ಅಂದ್ರೂ, ಎರಡನ್ನೂ ಪೂರ್ತಿ ನಂಬಬೇಡಿ.

ಮಾಡೋದಾದ್ರೆ ತಡ ಮಾಡ್ಬಾರ್ದು, ಪೆಟ್ಟಾದ 72 ಗಂಟೆ ಒಳಗೆ ಮಾಡೋದು ಒಳ್ಳೇದು ಅಂತಾರೆ, ದಿನ ಕಳೆದ ಹಾಗೆ ಊತ ಹೆಚ್ಚಾಗಿ ಹೊಸ ಮೂಳೆ ಕಟ್ಟೋಕೆ ಶುರುವಾಗಿ ತುದಿಗಳನ್ನ ಜೋಡ್ಸೋದು ಕಷ್ಟ ಆಗುತ್ತೆ. ಪೂರ್ತಿ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನ ಆದಷ್ಟು ಕತ್ತರಿಸ್ದೆ ಸರಿಸಿ, ಪಕ್ಕೆಲುಬಿನ ಆಕಾರಕ್ಕೆ ಬಾಗಿಸಿದ ಟೈಟಾನಿಯಂ ಪ್ಲೇಟನ್ನ ಮುರಿದ ಜಾಗದ ಎರಡೂ ಕಡೆ ಸ್ಕ್ರೂ ಹಾಕಿ ಕೂರಿಸ್ತಾರೆ. ಮುರಿದ ಎಲ್ಲಾ ಪಕ್ಕೆಲುಬಿಗೂ ಹಾಕಲ್ಲ, ಸಾಮಾನ್ಯವಾಗಿ ಮೇಲಿಂದ ಎಣಿಸಿದ್ರೆ 3ನೇದರಿಂದ 10ನೇದರವರೆಗಿನದಕ್ಕೆ ಹಾಕ್ತಾರೆ, ಮೇಲಿನ ಎರಡಕ್ಕೆ ಕೈ ಹಾಕೋದು ಕಷ್ಟ, ಕೊನೇ ಎರಡರಿಂದ ಉಸಿರಾಟಕ್ಕೆ ಅಂಥ ಆಧಾರ ಇಲ್ಲ. ಪ್ಲೇಟ್ ತೊಂದ್ರೆ ಕೊಡದೇ ಇದ್ರೆ ಜೀವನಪೂರ್ತಿ ಒಳಗೇ ಇರುತ್ತೆ. ಇನ್ಫೆಕ್ಷನ್, ರಕ್ತಸ್ರಾವ, ಸ್ಕ್ರೂ ಸಡಿಲ ಆಗೋದು, ಗಾಯದ ಸುತ್ತ ಚರ್ಮ ಜೋಮು ಹಿಡಿಯೋದು, ಅರಿವಳಿಕೆಯ ತೊಂದ್ರೆಗಳು, ಇವೆಲ್ಲಾ ಆಗೋ ಸಾಧ್ಯತೆ ಇದೆ. ತಲೆಗೆ ತೀವ್ರ ಪೆಟ್ಟಾಗಿದ್ರೆ, ಬಿಪಿ ನಿಲ್ತಾ ಇಲ್ಲ ಅಂದ್ರೆ, ಬೆನ್ನುಮೂಳೆ ಅಲ್ಲಾಡೋ ಸ್ಥಿತೀಲಿದ್ರೆ ಅವನ್ನ ಮೊದ್ಲು ನೋಡಿ ಇದನ್ನ ಮುಂದಕ್ಕೆ ಹಾಕ್ತಾರೆ. ವಯಸ್ಸೊಂದೇ ಅಡ್ಡಿ ಅಲ್ಲ, ಆದ್ರೆ ಹಾರ್ಟು, ಶ್ವಾಸಕೋಶ, ಒಟ್ಟು ಶಕ್ತಿ ಎಲ್ಲಾ ಲೆಕ್ಕಕ್ಕೆ ಬರುತ್ತೆ.

ಡಾಕ್ಟ್ರ ಮುಂದೆ ಕೂತಾಗ ಕೇಳಿ: ನಮ್ಮವ್ರಿಗೆ ಆಪರೇಷನ್ ಯಾವ ಕಾರಣಕ್ಕೆ, ಮಾಡಿಸ್ದೇ ಇದ್ರೆ ಮುಂದಿನ ಒಂದು ವಾರದಲ್ಲಿ ಏನಾಗಬಹುದು, ನೋವಿಗೆ ನರ್ವ್ ಬ್ಲಾಕ್ (ಆ ಜಾಗದ ನರಗಳನ್ನ ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟು ನೋಡಿದೀರಾ, ಈ ಆಪರೇಷನ್ ಇಲ್ಲಿ ಮಾಮೂಲಾಗಿ ಮಾಡ್ತೀರಾ. ಅವಸರದಲ್ಲಿ ಇರೋ ಡಾಕ್ಟ್ರೂ ಇಂಥ ನೇರ ಪ್ರಶ್ನೆಗೆ ನೇರ ಉತ್ತರ ಕೊಡ್ತಾರೆ, ನಮಗೆ ಕೊಟ್ರು.

ಆಪರೇಷನ್ ಬೇಡ ಅಂದ್ರೆ ಏನೂ ಮಾಡೋದಿಲ್ಲ ಅಂತ ಅರ್ಥ ಅಲ್ಲ, ಕೆಲಸ ಪೂರ್ತಿ ಮನೆಯವ್ರ ಮೇಲೆ ಬೀಳುತ್ತೆ. ನಾನು ತಪ್ಪು ಮಾಡಿದ್ದು ಇಲ್ಲೇ. ಮನೆಗೆ ಕರ್ಕೊಂಡು ಬಂದ ಮೇಲೆ ಮುರಿದ ಜಾಗ ಅಲ್ಲಾಡಬಾರ್ದು ಅಂತ ಅಪ್ಪನ ಎದೆ ಸುತ್ತ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿದೆ. ಅವ್ರಿಗೂ ಹಾಯಾಗಿದೆ ಅಂದ್ರು. ಮಾತ್ರೆ ಜಾಸ್ತಿ ತಗೋಬಾರ್ದು ಅಂತ ನೋವು ತಡ್ಕೊಂಡು ಅಂಗಾತ ಮಲಗಿದ್ರು, ನಾನೂ ರೆಸ್ಟ್ ಮಾಡಲಿ ಅಂತ ಎಬ್ಬಿಸ್ಲಿಲ್ಲ. ಮೂರನೇ ದಿನ ರಾತ್ರಿ ಗಂಟಲಲ್ಲಿ ಕಫ ಗರಗರ ಅಂತಿತ್ತು, ಉಗುಳೋಕೆ ಆಗ್ತಿರ್ಲಿಲ್ಲ, ಮಾತು ಅರ್ಧಕ್ಕೇ ನಿಲ್ತಿತ್ತು. ಮತ್ತೆ ಆಸ್ಪತ್ರೆಗೆ ಓಡಿದ್ವಿ. ಅಲ್ಲಿ ಮೊದ್ಲು ಮಾಡಿದ ಕೆಲಸ ಆ ಬ್ಯಾಂಡೇಜ್ ಕತ್ತರಿಸಿ ಎಸೆದಿದ್ದು. ಎದೆಗೆ ಬಿಗಿಯಾಗಿ ಕಟ್ಟೋ ಪದ್ಧತಿ ಬಿಟ್ಟು ಬಹಳ ಕಾಲ ಆಗಿದೆಯಂತೆ, ಕಟ್ಟಿದ್ರೆ ಶ್ವಾಸಕೋಶ ಬಿಚ್ಕೊಳ್ಳೋಕೇ ಜಾಗ ಇರಲ್ಲ. ಆಮೇಲೆ ಬೆನ್ನಲ್ಲಿ ಒಂದು ನರ್ವ್ ಬ್ಲಾಕ್ ಕೊಟ್ರು, ಅರ್ಧ ಗಂಟೇಲಿ ಅಪ್ಪ ಗಟ್ಟಿಯಾಗಿ ಕೆಮ್ಮಿ ಕಫ ಹೊರಗೆ ಹಾಕಿದ್ರು. ನೋವು ಕಮ್ಮಿ ಮಾಡೋದೇ ಇಲ್ಲಿ ಚಿಕಿತ್ಸೆ ಅನ್ನೋದು ಅವತ್ತು ನನಗೆ ಗೊತ್ತಾಯ್ತು.

ಹಾಗಾಗಿ ನೋವಿನ ಮಾತ್ರೆ ಹೇಗೆ ತಗೋಬೇಕು ಅನ್ನೋದು ಮುಖ್ಯ. ನೋವು ಬಂದಾಗ ತಗೊಳ್ಳೋಣ ಅಂತ ಕಾಯಬಾರ್ದು, ಮೊದಲ ದಿನಗಳಲ್ಲಿ ಹೊತ್ತು ಹೊತ್ತಿಗೆ ಸರಿಯಾಗಿ ತಗೋಬೇಕು. ಪ್ಯಾರಸಿಟಮಾಲ್ ಬುನಾದಿ, ಆರೋಗ್ಯವಾಗಿರೋ ದೊಡ್ಡೋರಿಗೆ 24 ಗಂಟೇಲಿ 4 ಗ್ರಾಂ ಮೀರಬಾರ್ದು, ತೂಕ ಕಮ್ಮಿ ಇರೋರಿಗೆ, ಲಿವರ್ ತೊಂದ್ರೆ ಇರೋರಿಗೆ ಅದಕ್ಕಿಂತ ಕಮ್ಮಿ, ಡಾಕ್ಟ್ರು ಹೇಳಿದಷ್ಟೇ. ಐಬುಪ್ರೊಫೆನ್ ಥರದ್ದು ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಕಿಡ್ನಿ ತೊಂದ್ರೆ, ಹೊಟ್ಟೆ ಹುಣ್ಣು, ರಕ್ತ ತೆಳು ಮಾಡೋ ಮಾತ್ರೆ ಇರೋರು, ವಯಸ್ಸಾದೋರು ಕೇಳ್ದೆ ನುಂಗಬೇಡಿ. ಅದಕ್ಕೂ ಬಗ್ಗದ ನೋವಿಗೆ ಟ್ರಮಡಾಲ್ ಥರದ ಜೋರು ಮಾತ್ರೆ ಸ್ವಲ್ಪ ದಿನಕ್ಕೆ ಕೊಡ್ತಾರೆ, ಅದ್ರಿಂದ ಮಂಪರು, ಮಲಬದ್ಧತೆ ಆಗುತ್ತೆ, ಮುಕ್ಕಿದ್ರೆ ಪಕ್ಕೆ ಪ್ರಾಣ ಹೋಗೋ ಹಾಗೆ ನೋಯುತ್ತೆ, ಅದಕ್ಕೆ ಮೋಷನ್ ಸಲೀಸಾಗೋಕೂ ಮೊದಲ ದಿನದಿಂದಾನೇ ಔಷಧಿ ಕೇಳಿ ಇಸ್ಕೊಳ್ಳಿ. ಮಾತ್ರೆಯಿಂದ ಆಗ್ದೇ ಇದ್ರೆ ಎಪಿಡ್ಯೂರಲ್ (ಬೆನ್ನಲ್ಲಿ ಸಣ್ಣ ಟ್ಯೂಬ್ ಹಾಕಿ ನೋವಿನ ಔಷಧಿ ಕೊಡೋದು) ಅಥವಾ ನರ್ವ್ ಬ್ಲಾಕ್ ಇದೆ. ನೋವು ತಡ್ಕೊಳ್ಳೋದು ಗಟ್ಟಿತನ ಅಂತ ನಮ್ಮ ಹಿರಿಯರು ಅಂದ್ಕೊಂಡಿರ್ತಾರೆ, ಅವ್ರಿಗೆ ಕೂತು ತಿಳಿಸಿ ಹೇಳ್ಬೇಕು.

ಮಾತ್ರೆ ತಗೊಂಡು ನೋವು ಇಳಿದಾಗ ಉಸಿರಿನ ವ್ಯಾಯಾಮ ಮಾಡಿಸಿ. ಎಚ್ಚರ ಇರೋವಾಗ ಗಂಟೆಗೆ 10 ಸಲ, ನೆಟ್ಟಗೆ ಕೂತು, ಮೂಗಿಂದ ನಿಧಾನಕ್ಕೆ ತುಂಬಾ ಉಸಿರು ಎಳ್ಕೊಂಡು 3ರಿಂದ 5 ಸೆಕೆಂಡ್ ಹಿಡಿದು ಬಿಡ್ಬೇಕು. ಸ್ಪೈರೋಮೀಟರ್ (ಉಸಿರಿನ ವ್ಯಾಯಾಮಕ್ಕೆ ಕೊಡೋ ಸಣ್ಣ ಸಾಧನ) ಕೊಟ್ಟಿದ್ರೆ ನೆನಪಿರಲಿ, ಅದು ಊದೋ ಸಾಮಾನಲ್ಲ, ಬಾಯಲ್ಲಿ ಇಟ್ಕೊಂಡು ನಿಧಾನಕ್ಕೆ ಗಾಳಿ ಒಳಗೆ ಎಳ್ಕೊಳ್ಳೋದು, ಅಪ್ಪ ಎರಡು ದಿನ ಬಲೂನ್ ಊದೋ ಹಾಗೆ ಊದ್ತಾ ಇದ್ರು, ಫಿಸಿಯೋ ಬಂದು ತಿದ್ದಿದ್ರು. ಪ್ರತಿ ಸುತ್ತು ಆದ ಮೇಲೆ ಮುರಿದ ಜಾಗಕ್ಕೆ ದಿಂಬು ಒತ್ತಿ ಹಿಡಿದು, ಸ್ವಲ್ಪ ಮುಂದೆ ಬಾಗಿ, ಎರಡು ಸಲ ಗಟ್ಟಿಯಾಗಿ ಕೆಮ್ಮಬೇಕು. ಸ್ಪೈರೋಮೀಟರಲ್ಲಿ ಎಷ್ಟು ಎಳೀತಿದಾರೆ ಅನ್ನೋದನ್ನ ದಿನಾ ಬರೆದಿಡಿ, ಅಂಕಿ ಏರ್ತಾ ಇದ್ರೆ ಸರಿ ಹೋಗ್ತಿದಾರೆ, ಇಳೀತಾ ಇದ್ರೆ ಫೋನ್ ಮಾಡಿ. ನೋವು ಎಷ್ಟಿದೆ, ಉಸಿರು ಎಷ್ಟು ಎಳೀತಾರೆ, ಕೆಮ್ಮು ಎಷ್ಟು ಗಟ್ಟಿ, ಈ ಮೂರನ್ನೇ ನೋಡಿ ಎಷ್ಟೋ ಆಸ್ಪತ್ರೇಲಿ ಅಂಕ ಕೊಟ್ಟು ಐಸಿಯು ಬೇಕಾ ವಾರ್ಡ್ ಸಾಕಾ ಅಂತ ತೀರ್ಮಾನ ಮಾಡ್ತಾರೆ, ಮನೇಲಿ ನಾವೂ ಅದೇ ಮೂರನ್ನ ಗಮನಿಸಿದ್ರೆ ಸಾಕು.

ಮಲಗಿಸೋವಾಗ ಬೆನ್ನ ಹಿಂದೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಇರಲಿ. ಏಳೋವಾಗ ನೇರ ಎದ್ರೆ ಜೀವ ಹೋಗುತ್ತೆ, ನೋವಿಲ್ಲದ ಕಡೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳ್ಬೇಕು. ಮೊದಲ ಎರಡು ದಿನ ಬಟ್ಟೇಲಿ ಸುತ್ತಿದ ಐಸ್ 15-20 ನಿಮಿಷ ಇಟ್ರೆ ಹಾಯಾಗುತ್ತೆ. ದಿನಾ ನಾಲ್ಕೈದು ಸಲ ಮನೆಯೊಳಗೇ ನಡೆಸಿ, ಹಾಸಿಗೆ ಹಿಡಿದು ಮಲಗಿದ್ರೆ ಕಫನೂ ಕಟ್ಟುತ್ತೆ ಕಾಲಲ್ಲಿ ರಕ್ತನೂ ಹೆಪ್ಪುಗಟ್ಟುತ್ತೆ. ಬೀಡಿ ಸಿಗರೇಟ್ ಪೂರ್ತಿ ನಿಲ್ಲಿಸ್ಬೇಕು, ಅದ್ರಿಂದ ಕಫನೂ ಹೆಚ್ಚು, ಮೂಳೆ ಕೂಡೋದೂ ನಿಧಾನ.

ಎರಡನೇ ಮೂರನೇ ದಿನ ತುಂಬಾ ಹುಷಾರಾಗಿರಿ. ಮೊದಲ ದಿನ ಚೆನ್ನಾಗಿದ್ದೋರು ಆ ಹೊತ್ತಿಗೆ ಸುಸ್ತಾಗಿ ಕುಸೀತಾರೆ, ಜಜ್ಜಿದ ಶ್ವಾಸಕೋಶನೂ ಆಗಲೇ ಹೆಚ್ಚು ತೊಂದ್ರೆ ಕೊಡುತ್ತೆ. ಜ್ವರ, ಹಳದಿ ಹಸಿರು ಕಫ, ನಿಮಿಷಕ್ಕೆ 25ಕ್ಕಿಂತ ಜಾಸ್ತಿ ಉಸಿರು, ಬೆರಳಿಗೆ ಹಾಕೋ ಮೀಟರಲ್ಲಿ ಆಕ್ಸಿಜನ್ 92%ಕ್ಕಿಂತ ಕೆಳಗೆ (ಮೊದ್ಲೇ ಶ್ವಾಸಕೋಶದ ಕಾಯಿಲೆ ಇರೋರಿಗೆ ಎಷ್ಟು ಅಂತ ಡಾಕ್ಟ್ರನ್ನೇ ಕೇಳಿ), ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಾಕ್ಕೊಳ್ಳೋದು, ವಯಸ್ಸಾದೋರಲ್ಲಿ ಗೊಂದಲ, ತಡಬಡ ಮಾತು, ಇದ್ರಲ್ಲಿ ಯಾವ್ದೊಂದು ಕಂಡ್ರೂ ಬೆಳಗಾಗಲಿ ಅಂತ ಕಾಯಬೇಡಿ. ಎದೆಯೊಳಗೆ ರಕ್ತ ನಿಧಾನಕ್ಕೆ ಸೇರೋದು ಎರಡು ವಾರದವರೆಗೂ ಆಗಬಹುದು. ವಯಸ್ಸಾದೋರ ವಿಷಯ ಯಾಕೆ ಪದೇ ಪದೇ ಹೇಳ್ತಿದೀನಿ ಅಂದ್ರೆ, ಅಮೆರಿಕಾದಲ್ಲಿ 2000ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ 65 ದಾಟಿದೋರಿಗೆ ಮುರಿದ ಒಂದೊಂದು ಹೆಚ್ಚಿನ ಪಕ್ಕೆಲುಬಿಗೂ ಸಾವಿನ ಅಪಾಯ 19%, ನ್ಯುಮೋನಿಯಾ ಅಪಾಯ 27% ಏರುತ್ತೆ. ಅದಕ್ಕೇ 65 ದಾಟಿದೋರಿಗೆ ಎರಡು ಮೂರು ಮುರಿದಿದ್ರೂ ಅಡ್ಮಿಟ್ ಮಾಡ್ಕೊಳ್ಳಿ ಅಂತ ಕೇಳೋಕೆ ಹಿಂಜರಿಬೇಡಿ.

ಆಮೇಲಿನದು ನಿಧಾನದ ಹಾದಿ. ಎರಡು ಮೂರು ವಾರಕ್ಕೆ ನೋವು ಇಳಿಯುತ್ತೆ, ಆರು ವಾರಕ್ಕೆ ಮೂಳೆ ಕೂಡುತ್ತೆ, ಹೊರಳಿದಾಗ ಚುಳುಕ್ ಅನ್ನೋದು ಮೂರು ತಿಂಗಳವರೆಗೂ ಇರಬಹುದು. ಆರು ವಾರ ಭಾರ ಎತ್ತೋದು, ದಬ್ಬೋದು ಬೇಡ. ಗಟ್ಟಿ ಬ್ರೇಕ್ ಹಾಕಿದ್ರೂ ನೋವಾಗ್ದೇ ಇರೋವರೆಗೆ, ಮಂಪರು ಮಾತ್ರೆ ನಿಲ್ಲಿಸೋವರೆಗೆ ಗಾಡಿ ಓಡಿಸ್ಬೇಡಿ. ಶ್ವಾಸಕೋಶದ ಸುತ್ತ ಗಾಳಿ ಸೇರಿತ್ತು ಅಂದ್ರೆ ಅದು ಪೂರ್ತಿ ಹೋಗಿದೆ ಅಂತ ಎಕ್ಸ್‌ರೇಲಿ ನೋಡಿ ಡಾಕ್ಟ್ರು ಸರಿ ಅನ್ನೋವರೆಗೆ ವಿಮಾನ ಹತ್ತಬೇಡಿ. ಆರು ತಿಂಗಳು ಕಳೆದ್ರೂ ಆ ಜಾಗದಲ್ಲಿ ಟಕ್ ಟಕ್ ಅನ್ನುತ್ತೆ, ನೋವು ಹೋಗಿಲ್ಲ ಅಂದ್ರೆ ಮೂಳೆ ಕೂಡಿಲ್ಲದೇ ಇರಬಹುದು, ಮತ್ತೆ ಸಿಟಿ ಮಾಡಿಸಿ, ಅಂಥೋರಿಗೆ ಆಗಲೂ ಪ್ಲೇಟ್ ಹಾಕೋ ದಾರಿ ಇದೆ.

ಇನ್ನೊಂದು, ಜೋರು ಪೆಟ್ಟೇ ಇಲ್ದೆ ಬರೀ ಕೆಮ್ಮಿ ಅಥವಾ ಸಣ್ಣಗೆ ತಾಗಿ ಪಕ್ಕೆಲುಬು ಮುರಿದಿದ್ರೆ ಮೂಳೆ ಸವೆತ ಇದ್ಯಾ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸೋದನ್ನ ಮರೀಬೇಡಿ, ಕೆಲವು ಸಲ ಮೂಳೆಗೆ ಹರಡಿದ ಕ್ಯಾನ್ಸರ್ ಕೂಡ ಹೀಗೇ ಗೊತ್ತಾಗುತ್ತೆ. ಅಪ್ಪಂಗೆ ಎರಡು ತಿಂಗಳ ಮೇಲೆ ಮಾಡಿಸಿದ್ವಿ, ಸವೆತ ಇತ್ತು, ಅದಕ್ಕೆ ಮಾತ್ರೆ ಶುರು ಮಾಡಿದಾರೆ, ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಹಾಕಿಸಿದೀವಿ.